ಪಾರ್ಕಿಗೊಂದು ಹೊಸ್ತಿಲು

ಹೋದ ವಾರ ಹುಬ್ಬಳ್ಳಿಯಲ್ಲಿ ಒಂದು ಹಳೆಯ ಬಂಗಲೆಯ ಬಾಗಿಲುಗಳಿಗೆ ಬೆಲೆ ಕಟ್ಟಲು ಹೋಗಿದ್ದೆ. ಸಾಗವಾನಿ ಹೌದೋ ಅಲ್ಲವೋ ಎಂದು ಉಗುರಿನಿಂದ ಕೆರೆದು ನೋಡುತ್ತಿರುವಾಗ ಕಂಪೌಂಡಿನ ಕಡೆಯಿಂದ ಒಂದು ವಾಸನೆ ಬಂತು. ಯಾರೋ ಮದರಂಗಿ ಬೇಲಿ ಕತ್ತರಿಸುತ್ತಿದ್ದರು. ಹಸಿ ಎಲೆಯ ಒಗರು, ಅದರೊಳಗೆ ಸ್ವಲ್ಪ ಹೂವಿನ ಸಿಹಿ... ನನ್ನ ಕೈ ಅಲ್ಲೇ ನಿಂತಿತು. ಇದೇ ಸಮಯವೆಂದು ಮನೆಯ ಮಾಲೀಕರು ತಮ್ಮ ಬೆಲೆಯನ್ನು ಇನ್ನೊಂದು ಸಲ ಹೇಳಿದರು, ನಾನು ಹೂಂ ಅಂದುಬಿಟ್ಟೆ. ವ್ಯಾಪಾರದಲ್ಲಿ ನಾನು ಹಾಗೆ ಮೈಮರೆಯುವವನಲ್ಲ. ಆದರೆ ಅದು ನಮ್ಮೂರ ಪಾರ್ಕಿನ ಮಾಲಿ ಕಾಕಾ ಅವರ ಅಂಗಿಯ ವಾಸನೆಯಾಗಿತ್ತು.

ನಾನು ಕೆಡವಿದ ಮನೆಗಳ ಬಾಗಿಲು, ಕಿಟಕಿ, ಕಂಬ ಕೊಂಡು ಮಾರುವವನು. ಸೈಕಲ್ಲಿನ ಹಿಂದೆ ಎರಡು ಕಿಟಕಿ ಕಟ್ಟಿಕೊಂಡು ಶುರು ಮಾಡಿದ ಧಂದೆ ಇದು, ಯಾರೂ ಕೈ ಹಿಡಿದು ಕಲಿಸಿದ್ದಲ್ಲ. ನನ್ನ ಅಂಗಡಿ ಪಾರ್ಕಿನ ಗೇಟಿಗೆ ಎದುರಾಗಿದೆ. ಪಾರ್ಕು ಎಂದರೆ ಆಗ ಒಂದು ಬೇವಿನ ಮರ, ಅದರ ಸುತ್ತ ಕಟ್ಟೆ, ಮದರಂಗಿ ಬೇಲಿ, ಮತ್ತು ಕಾಕಾ. ಅಷ್ಟೇ. ಬಸ್ ನಿಲ್ದಾಣ ಅಲ್ಲಿಂದ ಕೂಗಳತೆ ದೂರ. ತಂಬೂರ, ದೇವಿಕೊಪ್ಪದ ಕಡೆಯಿಂದ ಸಂತೆಗೆ ಬಂದ ಹೆಣ್ಣುಮಕ್ಕಳು ಮಧ್ಯಾಹ್ನದ ಬಸ್ಸು ಬರುವ ತನಕ ಆ ಕಟ್ಟೆಯ ಮೇಲೆ ಬುತ್ತಿ ಬಿಚ್ಚುತ್ತಿದ್ದರು, ಕೂಸಿಗೆ ಹಾಲು ಕುಡಿಸುತ್ತಿದ್ದರು, ಕಾಲು ಚಾಚಿ ಒಂದು ನಿದ್ದೆ ತೆಗೆಯುತ್ತಿದ್ದರು. ಕಾಕಾ ಒಂದು ಕೊಡ ನೀರು ತುಂಬಿ ಇಟ್ಟು ತಮ್ಮ ಕೆಲಸಕ್ಕೆ ಹೋಗುತ್ತಿದ್ದರು.

ಆಮೇಲೆ ಪಾರ್ಕು ಹೊಸದಾಯಿತು. ಬೇವು ಹೋಯಿತು, ಕಟ್ಟೆ ಹೋಯಿತು, ಬೇಲಿಯಲ್ಲಿ ಅರ್ಧ ಉಳಿಯಿತು. ಹೊಳೆಯುವ ಟೈಲ್ಸಿನ ದಾರಿ, ತಂದು ಹಾಸಿದ ಹುಲ್ಲು, ಸ್ಟೀಲಿನ ಬೆಂಚು, ಫೈಬರಿನ ಎರಡು ಜಿಂಕೆ, ನಡುವೆ ಗ್ರಾನೈಟ್ ನೆಲದ ಒಂದು ದುಂಡನೆ ಮಂಟಪ, ಮೇಲೆ ಗುಮ್ಮಟ. ಒಂದು ಕಾರಂಜಿಯೂ ಇತ್ತು, ಉದ್ಘಾಟನೆಯ ದಿನ ಚಿಮ್ಮಿತು. ಅದೇ ಮೊದಲು, ಅದೇ ಕೊನೆ.

ಊರೆಲ್ಲ ಮಾತು ಅದೇ. ಬೆಳಿಗ್ಗೆ ವಾಕಿಂಗ್ ಮಾಡುವ ನಮ್ಮಂಥವರಿಗೆ ಖುಷಿಯೋ ಖುಷಿ. ಮೊಬೈಲಿನ ಗುಂಪಿನಲ್ಲಿ ದಿನಾ ಜಿಂಕೆಯ ಫೋಟೋ. ರಿಟೈರಾದ ಗಣಿತದ ಮಾಸ್ತರರು ಮಾತ್ರ ಬೆಂಚುಗಳೆಲ್ಲ ಒಂದೇ ಕಡೆ ಮುಖ ಮಾಡಿವೆ, ಇಲ್ಲಿ ಮಾತಾಡುವುದು ಹೇಗೆ, ಇದೇನು ಸಿನಿಮಾ ಥೇಟರೇ ಎಂದು ತಕರಾರು ತೆಗೆದರು. ಮಧ್ಯಾಹ್ನ ಬೆಂಚಿನ ಮೇಲೆ ಕೂತರೆ ದೋಸೆಯ ಹಂಚು. ನೆರಳೆಂದು ಉಳಿದದ್ದು ಆ ಗುಮ್ಮಟದ ಕೆಳಗೆ ಮಾತ್ರ.

ಉದ್ಘಾಟನೆಯಾದ ಮೇಲೆ ಬಂದ ಮೊದಲ ಸಂತೆಯ ದಿನ ಆ ತಮಾಷೆ ನಡೆಯಿತು. ದೇವಿಕೊಪ್ಪದ ಒಬ್ಬ ಮುದುಕಿ ಮಂಟಪದ ಮೆಟ್ಟಿಲ ಬಳಿ ಚಪ್ಪಲಿ ಬಿಟ್ಟಳು. ನೆಲ ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. ಒಳಗೆ ಸುತ್ತ ನೋಡಿ, ಏನೂ ಕಾಣದೆ, ಎರಡು ಬಾಳೆಹಣ್ಣು ನಡುವೆ ಇಟ್ಟು ಕಾಕಾ ಅವರನ್ನು ಕೇಳಿದಳು, "ಯಪ್ಪಾ, ದೇವರ್ನ ಇನ್ನೂ ಕೂಡಿಸಿಲ್ಲೇನ?"

"ಇನ್ನೂ ಇಲ್ಲಬೇ. ಅಲ್ಲೀತನಕಾ ನೀ ಕೂಡು" ಅಂದರು ಕಾಕಾ.

ಅವಳನ್ನು ನೋಡಿ ಉಳಿದವರೂ ಚಪ್ಪಲಿ ಬಿಟ್ಟರು. ನೆಲ ಅಷ್ಟು ಹೊಳೆಯುತ್ತಿತ್ತು, ಮೇಲೆ ಗುಮ್ಮಟ ಬೇರೆ. ನಮ್ಮ ಮಂದಿ ಇನ್ನೇನು ತಿಳಿಯಬೇಕು? ಚಹಾದ ಅಂಗಡಿಯಲ್ಲಿ ಈ ಕತೆ ಹೇಳಿ ಒಂದು ವಾರ ನಕ್ಕೆವು. ಕಾಕಾ ಮಾತ್ರ ನಗಲಿಲ್ಲ. ಅವರು ಬೇರೆ ಏನನ್ನೋ ನೋಡಿಟ್ಟುಕೊಂಡಿದ್ದರು, ಅದು ನನಗೆ ಗೊತ್ತಾದದ್ದು ಆಮೇಲೆ.

ಎರಡು ಮೂರು ತಿಂಗಳಿಗೆ ಪಾರ್ಕಿನ ಬಣ್ಣ ಬಿಟ್ಟಿತು. ಟೈಲ್ಸಿನ ಮೇಲೆ ಎಲೆ ಅಡಿಕೆ ಉಗುಳಿದ ಕಲೆ, ಹುಲ್ಲಿನಲ್ಲಿ ಶೇಂಗಾ ಸಿಪ್ಪೆ, ಗುಟಕಾ ಚೀಟಿ. ವಾಕಿಂಗಿನವರು ಒಂದು ಅರ್ಜಿ ಬರೆದರು. ಮಧ್ಯಾಹ್ನ ಸಂತೆಯ ಮಂದಿ ಬಂದು ಹೊಲಸು ಮಾಡುತ್ತಾರೆ, ಆದ್ದರಿಂದ ಬೆಳಿಗ್ಗೆ ಮತ್ತು ಸಂಜೆ ಬಿಟ್ಟು ಉಳಿದ ಹೊತ್ತು ಗೇಟಿಗೆ ಕೀಲಿ ಹಾಕಬೇಕು. ನಾನೂ ಸಹಿ ಮಾಡಿದೆ. ಸಕ್ಕರೆ ಕಾಯಿಲೆ, ಡಾಕ್ಟರು ನಡೆಯಲು ಹೇಳಿದ್ದಾರೆ, ದಾರಿ ಸ್ವಚ್ಛ ಇರಬೇಕು... ಎಂದು ನನಗೆ ನಾನೇ ಹೇಳಿಕೊಂಡೆ. ಬಿಸಿಲಿನಲ್ಲಿ ಆ ಹೆಣ್ಣುಮಕ್ಕಳು ಎಲ್ಲಿ ಹೋಗಬೇಕು ಎಂಬ ಮಾತು ಅರ್ಜಿಯಲ್ಲಿ ಇರಲಿಲ್ಲ, ನಮ್ಮ ಯಾರ ಬಾಯಲ್ಲೂ ಇರಲಿಲ್ಲ.

ಪಟ್ಟಣ ಪಂಚಾಯಿತಿ ಆಫೀಸಿನ ಸಾಹೇಬರು ಕೀಲಿ ಹಾಕಲು ಹೇಳಿದರು. ಕಾಕಾ ಹೋಗಿ ಅವರ ಬಾಗಿಲಲ್ಲಿ ಅರ್ಧ ದಿನ ನಿಂತು ನಾಲ್ಕು ಸಂತೆಯ ಅವಧಿ ಕೇಳಿಕೊಂಡು ಬಂದರು. ನಾಲ್ಕನೆಯ ಸಂತೆಯ ದಿನ ಸಾಹೇಬರು ಸ್ವತಃ ಬಂದು ನೋಡುವುದು. ಹೊಲಸು ಕಂಡರೆ ಅಂದೇ ಕೀಲಿ.

ಮರುದಿನ ಕಾಕಾ ನನ್ನ ಅಂಗಡಿಗೆ ಬಂದು ಕೂತರು. ಏನೂ ಕೇಳಲಿಲ್ಲ. ಚಹಾ ಕುಡಿದು ಎದ್ದು ಹೋದರು. ಅದರ ಮರುದಿನವೂ ಹಾಗೇ. ಹೀಗೆ ಕೂತು ಮಾಡುವ ವ್ಯಾಪಾರ ನನಗೆ ಗೊತ್ತಿದ್ದದ್ದೇ, ನಾನೇ ಎಷ್ಟೋ ಜನರ ಅಂಗಳದಲ್ಲಿ ಹಾಗೆ ಕೂತು ಬಾಗಿಲು ಕಿತ್ತುಕೊಂಡು ಬಂದಿದ್ದೇನೆ. ಮೂರನೆಯ ದಿನ ಅವರ ಕಣ್ಣು ಎಲ್ಲಿದೆ ಎಂದು ನೋಡಿದೆ. ಒಂದು ಹಳೆಯ ವಾಡೆ ಮನೆಯಿಂದ ತಂದ ಸಾಗವಾನಿ ಚೌಕಟ್ಟಿನ ಹೊಸ್ತಿಲ ಮೇಲೆ. ನಡುವೆ ತುಳಿದು ತುಳಿದು ಸವೆದಿತ್ತು, ಮರದ ಎಳೆಗಳಲ್ಲಿ ಇನ್ನೂ ಅರಿಶಿನ ಉಳಿದಿತ್ತು. ಆ ಚೌಕಟ್ಟನ್ನು ಧಾರವಾಡದ ಒಬ್ಬ ಹೋಟೆಲಿನವರು ನೋಡಿ ಹೋಗಿದ್ದರು. ಹೊಸ್ತಿಲು ಇಲ್ಲದ ಚೌಕಟ್ಟು ಅಂದರೆ ಹಲ್ಲು ಬಿದ್ದ ಬಾಯಿ; ನಾನು ಹೇಗೆ ಕೊಡಲಿ?

"ಬಾಗಿಲಾ ಮಾರ್ರಿ ಸಾವ್ಕಾರ್ರ, ಬ್ಯಾಡ ಅನ್ನೂದಿಲ್ಲ" ಅಂದರು ಕಾಕಾ. "ಹೊಸ್ತಿಲಾ ಮಾರಬ್ಯಾಡ್ರಿ. ಅದು ದಾಟಿದ ಮಂದೀದು."

ಪಾರ್ಕಿಗೆ ಹೊಸ್ತಿಲು ಯಾಕೆ ಎಂದು ಕೇಳಿದೆ. ಅವರು ಆಗ ಹೇಳಿದರು. ಅಷ್ಟು ಹೊಲಸಾದ ಪಾರ್ಕಿನಲ್ಲಿ ಮಂಟಪದ ಮೇಲೆ ಒಂದೇ ಒಂದು ಕಲೆ ಬಿದ್ದಿರಲಿಲ್ಲ. ಅದನ್ನು ಅವರು ಪ್ರತಿ ಸಂತೆಯ ಸಂಜೆಯೂ ಕಸ ಹೊಡೆಯುವಾಗ ನೋಡಿದ್ದರು.

"ಚಪ್ಪಲಿ ಬಿಟ್ಟವ ಉಗುಳೂದಿಲ್ರಿ. ಇಡೀ ಪಾರ್ಕಿಗೆ ಚಪ್ಪಲಿ ಬಿಡಸ್ಬೇಕು, ಅಷ್ಟ."

ಹಾಗಿದ್ದರೆ ಒಂದು ಬೋರ್ಡು ಬರೆಸಿರಿ, ಸುಮ್ಮನೆ ನನ್ನ ಮರ ಯಾಕೆ ಎಂದೆ. ಸಲಹೆ ಕೊಡುವುದರಲ್ಲಿ ನಾನು ಹಿಂದೆ ಬಿದ್ದವನಲ್ಲ. ಅವರು ಕೈ ಅಲ್ಲಾಡಿಸಿದರು. "ಬೋರ್ಡ್ ಓದಿದವ ವಾದಾ ಮಾಡ್ತಾನ. ಹೊಸ್ತಿಲಾ ನೋಡಿದವ ತನ್ನ ಕಾಲು ನೋಡ್ಕೋತಾನ."

ಮಾತು ಸರಿಯಿತ್ತು. ಆದರೆ ಮಾತು ಸರಿಯಿದೆ ಎಂದು ಸಾಮಾನು ಕೊಟ್ಟರೆ ಅಂಗಡಿ ನಡೆಯುತ್ತದೆಯೇ? ಹೋಟೆಲಿನವರಿಗೆ ಮಾತು ಕೊಟ್ಟಿದ್ದೇನೆ ಎಂದು ಸುಳ್ಳು ಹೇಳಿದೆ. ಕಾಕಾ ಎದ್ದು ಧೋತರ ಝಾಡಿಸಿಕೊಂಡರು. ಅಂಗಡಿಯ ಬಾಗಿಲ ತನಕ ಹೋದವರು ತಿರುಗಿ, ಯಾವ ಸಿಟ್ಟೂ ಇಲ್ಲದೆ ಅಂದರು, "ಅರ್ಜಿಯೊಳಗ ನಿಮ್ಮ ಸಹಿ ನೋಡೇನ್ರಿ. ಅಕ್ಷರ ಭಾಳ ಚಂದ ಅದಾವ."

ಮೂವತ್ತು ವರ್ಷ ಚೌಕಾಶಿ ಮಾಡಿದ್ದೇನೆ. ಒಂದು ಮಾತಿನಲ್ಲಿ ನನ್ನನ್ನು ಅಷ್ಟು ಕೆಳಗೆ ಇಳಿಸಿದವರು ಇನ್ನೊಬ್ಬರಿಲ್ಲ. ಅಂದು ಸಂಜೆಯೇ ಹೊಸ್ತಿಲನ್ನು ಚೌಕಟ್ಟಿನಿಂದ ಬಿಡಿಸಿ, ನಾನೇ ಒಂದು ತುದಿ ಹಿಡಿದು ರಸ್ತೆ ದಾಟಿಸಿದೆ. ಗೇಟಿನ ಅಡಿಯಲ್ಲಿ ಕೂರಿಸಿದೆವು. ಬೆಳಿಗ್ಗೆ ಅವರು ಅದಕ್ಕೆ ಅರಿಶಿನ ಹಚ್ಚಿ ಎರಡು ದಾಸವಾಳ ಇಟ್ಟರು. ಬಾಜೂಕ ಚಪ್ಪಲಿ ಇಡಲು ಒಂದು ಹಲಗೆ. ಯಾರಿಗೂ ಏನೂ ಹೇಳಲಿಲ್ಲ.

ಸುಲಭವೇನೂ ಆಗಲಿಲ್ಲ. ಮೊದಲ ಸಂತೆಯಲ್ಲಿ ಚಪ್ಪಲಿ ಅದಲು ಬದಲಾಗಿ ಜಗಳವಾಯಿತು. ಮಧ್ಯಾಹ್ನದ ಟೈಲ್ಸು ಬರಿಗಾಲಿಗೆ ಕೆಂಡ. ಹೆಣ್ಣುಮಕ್ಕಳು ಜಿಗಿಯುತ್ತ ಹುಲ್ಲಿಗೆ ಓಡಿದರು. ಹುಲ್ಲಿನ ಮೇಲೆ ನಡೆಯಬಾರದೆಂಬ ಫಲಕ ಅಲ್ಲೇ ಇತ್ತು. ಕಾಕಾ ಆ ಫಲಕ ಕಿತ್ತು ಒಳಗಿಟ್ಟರು. ಬೂಟಿಗೆ ಸಾಯುವ ಹುಲ್ಲು ಬರಿಗಾಲಿಗೆ ಸಾಯುವುದಿಲ್ಲ ಎಂದು ಅವರ ವಾದ, ಅದು ನಿಜವೂ ಆಯಿತು. ನಮ್ಮ ವಾಕಿಂಗ್ ಗುಂಪಿನಲ್ಲೂ ಗದ್ದಲ. ಬೂಟು ಬಿಚ್ಚಿ ವಾಕಿಂಗ್ ಮಾಡಬೇಕೇ ಎಂದು ಒಬ್ಬರು ಕೂಗಾಡಿದರು. "ಯಾರು ಬಿಚ್ಚ ಅಂದಾರ್ರಿ? ಹಂಗಽ ದಾಟ್ರಿ" ಅಂದರು ಕಾಕಾ. ಆ ಮನುಷ್ಯ ಕಾಲೆತ್ತಿ, ಅರಿಶಿನ ನೋಡಿ, ಕಾಲಿಳಿಸಿ, ಗೊಣಗುತ್ತ ಲೇಸು ಬಿಚ್ಚಿದರು. ಗಣಿತದ ಮಾಸ್ತರರು ಹುಲ್ಲಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಈಗ ಮುಖ ನೋಡಿ ಮಾತಾಡಬಹುದಲ್ಲ ಎಂದು ಸಮಾಧಾನಪಟ್ಟರು.

ನಾಲ್ಕನೆಯ ಸಂತೆಯ ದಿನ ನಾನು ಅಂಗಡಿಯಲ್ಲಿ ಗಿರಾಕಿಯನ್ನು ನಿಲ್ಲಿಸಿಕೊಂಡೇ ರಸ್ತೆ ನೋಡುತ್ತಿದ್ದೆ. ಮೂರು ಗಂಟೆಗೆ ಜೀಪು ಬಂತು. ಸಾಹೇಬರು ಇಳಿದರು, ಹಿಂದೆ ಕೀಲಿ ಹಿಡಿದ ಒಬ್ಬ. ಕಾಕಾ ಮುಂದೆ ಬಂದು ನಮಸ್ಕಾರ ಮಾಡಿ ಪಕ್ಕಕ್ಕೆ ಸರಿದು ನಿಂತರು. ಸಾಹೇಬರು ಗೇಟಿನಲ್ಲಿ ನಿಂತು ಕೆಳಗೆ ನೋಡಿದರು. ಆಮೇಲೆ ಒಂದು ಕೈಯಿಂದ ಗೇಟು ಹಿಡಿದು ಬಗ್ಗಿ ಬೂಟು ಬಿಚ್ಚತೊಡಗಿದರು.

ಒಳಗೆ ಹೋದವರು ಇಡೀ ಪಾರ್ಕು ಒಂದು ಸುತ್ತು ಹಾಕಿದರು. ಮಂಟಪದಲ್ಲಿ ಏಳೆಂಟು ಹೆಂಗಸರು ಮಲಗಿದ್ದರು, ಎಬ್ಬಿಸಬೇಡ ಎಂದು ಜೊತೆಯವನಿಗೆ ಸನ್ನೆ ಮಾಡಿದರು. ಹೊರಗೆ ಬಂದು ಬೂಟು ಹಾಕಿಕೊಂಡು ಕೇಳಿದ್ದು ಒಂದೇ ಮಾತು, "ಇವರಿಗೆ ಕುಡಿಯೂ ನೀರು?" ಕೊಡ ತೋರಿಸಿದರು ಕಾಕಾ. ಮುಂದಿನ ವಾರ ಒಂದು ನಲ್ಲಿ ಬಂತು. ಕೀಲಿ ಬರಲಿಲ್ಲ.

ಕಾಕಾ ತೀರಿಹೋಗಿ ಈಗ ಎರಡು ಮಳೆಗಾಲ ಕಳೆಯಿತು. ನಾನು ಹಳೆಯ ಮನೆಯೊಂದರ ವ್ಯಾಪಾರಕ್ಕೆ ಊರ ಹೊರಗಿದ್ದೆ, ಮಣ್ಣಿಗೆ ಹೋಗಲು ಆಗಲಿಲ್ಲ. ಅದೊಂದು ಕೊರಗು ಉಳಿದುಬಿಟ್ಟಿತು. ಹೊಸ ಮಾಲಿ ಒಳ್ಳೆಯ ಹೆಣ್ಣುಮಗಳು, ಗಿಡ ಚೆನ್ನಾಗಿ ನೋಡಿಕೊಳ್ಳುತ್ತಾಳೆ. ಮತ್ತೆ ಬೇವಿನ ಸಸಿ ಹಚ್ಚಿದ್ದಾಳೆ, ಆಳೆತ್ತರ ಬಂದಿದೆ. ಆದರೆ ನನ್ನ ಅಂಗಡಿಗೆ ಬಂದು ಸುಮ್ಮನೆ ಕೂತು ನನ್ನನ್ನು ಸೋಲಿಸುವವರು ಯಾರೂ ಇಲ್ಲ.

ಮೊನ್ನೆ ಸಂತೆಯ ದಿನ ಬೇರೊಂದು ತಾಲೂಕಿನಿಂದ ಮೂವರು ಬಂದಿದ್ದರು. ಅವರ ಊರಿನಲ್ಲೂ ಪಾರ್ಕು ಹೊಸದು ಮಾಡುತ್ತಾರಂತೆ, ನಮ್ಮದನ್ನು ನೋಡಿ ಬನ್ನಿ ಎಂದು ಯಾರೋ ಹೇಳಿದ್ದರಂತೆ. ಅವರಲ್ಲಿ ಎಂಜಿನಿಯರ್ ಹುಡುಗಿಯೊಬ್ಬಳು. ಬೆಳಿಗ್ಗೆ ಹನ್ನೊಂದಕ್ಕೇ ಬಂದು, ಫೋಟೋ ತೆಗೆದು ಹೊರಡುವ ಅವಸರದಲ್ಲಿದ್ದರು. ನಾನು ಬಿಡಲಿಲ್ಲ. ಪಾರ್ಕು ಕಟ್ಟುವವರಿಗೆ, ಅದರ ಬಗ್ಗೆ ಅರ್ಜಿ ಬರೆಯುವವರಿಗೂ, ನನ್ನದೊಂದೇ ಸಲಹೆ: ಸಂತೆಯ ದಿನ ಮಧ್ಯಾಹ್ನ ಎರಡು ಗಂಟೆಗೆ ಅಲ್ಲಿ ಹೋಗಿ ಕೂತು ನೋಡಿ. ಊಟ ಹಾಕಿಸಿ, ಚಹಾ ಕುಡಿಸಿ, ಎರಡರ ತನಕ ಹಿಡಿದಿಟ್ಟೆ. ಮಂಟಪದಲ್ಲಿ ಅವರನ್ನು ಕೂರಿಸಿ ನಾನೂ ಕೂತೆ. ತಂಬೂರಿನ ಹೆಂಗಸರು ಗುಂಪಾಗಿ ಬಂದರು, ಗಂಟು ಇಳಿಸಿದರು, ನಮ್ಮನ್ನು ಅತ್ತ ಸರಿಯಿರಿ ಎಂದು ಸರಿಸಿ ಜಾಗ ಮಾಡಿಕೊಂಡರು. ಎಂಜಿನಿಯರ್ ಹುಡುಗಿ ತನ್ನ ನಕ್ಷೆ ಬಿಚ್ಚಿ, ಬಹಳ ಹೊತ್ತು ನೋಡಿ, ಬೆಂಚುಗಳ ಸಾಲಿನ ಮೇಲೆ ಪೆನ್ಸಿಲಿನಿಂದ ಒಂದು ಗೆರೆ ಎಳೆದು ಅಡ್ಡ ಹೊಡೆದಳು. ಅಲ್ಲಿ ಒಂದು ಮರವೆಂದು ದುಂಡನೆ ಗುರುತು ಬರೆದಳು.

ಅದನ್ನು ಕಂಡು, ನೋಡಿದಿರೇನ್ರಿ ಕಾಕಾ ಎನ್ನಲು ಬಾಜೂಕ ತಿರುಗಿದೆ. ಅಲ್ಲಿ ಗಂಟಿನ ಮೇಲೆ ತಲೆಯಿಟ್ಟು ಒಬ್ಬ ಅಜ್ಜಿಗೆ ಆಗಲೇ ನಿದ್ದೆ ಹತ್ತಿತ್ತು. ನಾನು ಅವಳ ಮುಖಕ್ಕೆ ಬಿಸಿಲು ತಾಗದ ಹಾಗೆ ಸ್ವಲ್ಪ ಸರಿದು ಕೂತೆ.