ಅಕ್ಕ ಆರಿಸಿದ ಫೈಲ್ ಸಿಸ್ಟಮ್

ಅಕ್ಕನ ಬಲಗೈ ಹೆಬ್ಬೆರಳಿನ ಉಗುರು ಸದಾ ಕಪ್ಪು. ಝೆರಾಕ್ಸ್ ಯಂತ್ರದ ಶಾಯಿಪುಡಿ ಅದರೊಳಗೆ ಇಳಿದು ಕೂತಿತ್ತು. ಸಾಬೂನು, ನಿಂಬೆಹಣ್ಣು, ಯಾವುದಕ್ಕೂ ಜಗ್ಗಲಿಲ್ಲ. ವಾಸ್ಕೋದ ಬಸ್ ನಿಲ್ದಾಣದ ಹಿಂದೆ ಅವಳದೊಂದು ಸಣ್ಣ ಅಂಗಡಿ. ನನ್ನ ಒಡಹುಟ್ಟಿದವಳೇನಲ್ಲ, ದುಡಿಯಲೆಂದು ಇಲ್ಲಿಗೆ ಬಂದ ನಮ್ಮ ಕಡೆಯ ಹೆಂಗಸರಿಗೆಲ್ಲ ಅವಳು ಅಕ್ಕ. ಭಾನುವಾರ ಹೋದರೆ ನಮ್ಮ ಹಾಜರಿ ಕಾರ್ಡುಗಳನ್ನು ಕಸಿದುಕೊಂಡು, ಸ್ಕ್ಯಾನ್ ಮಾಡಿ ಕಂಪ್ಯೂಟರಿನಲ್ಲಿ ಇಟ್ಟುಕೊಳ್ಳುತ್ತಿದ್ದಳು. "ಕಾಗದ ಯಾರ ಕೈಯಾಗರ ಕೊಡೂ ಮೊದ್ಲ ನನಗ ತೋರಸ್ರಿ" ಅನ್ನುತ್ತಿದ್ದಳು. ನಮಗೆ ನಗು ಬರುತ್ತಿತ್ತು.

ಆ ಕಂಪ್ಯೂಟರು ತೆವಳತೊಡಗಿದಾಗ ಹೊಸ ಆಪರೇಟಿಂಗ್ ಸಿಸ್ಟಮ್ ಹಾಕಲು ರಿಪೇರಿಯವನು ಬಂದ. ಫೈಲುಗಳನ್ನು ಡಿಸ್ಕಿನಲ್ಲಿ ಯಾವ ಪದ್ಧತಿಯಲ್ಲಿ ಇಡಬೇಕು, ಅಂದರೆ ಫೈಲ್ ಸಿಸ್ಟಮ್ ಯಾವುದು ಎಂದು ಪರದೆ ಕೇಳಿತು.

"ಯಾವ್ದರ ನಡೀತೈತ್ರಿ," ಎಂದು ಅವನು ನೆಕ್ಸ್ಟ್ ಒತ್ತಲು ಹೋದ.

ಅಕ್ಕ ಮೌಸಿನ ಮೇಲಿದ್ದ ಅವನ ಕೈ ಹಿಡಿದಳು. "ಯಾವ್ದರ ಅಂದ್ರ? ಪಟ್ಟಿ ತಗೀರಿ. ಒಂದೊಂದೂ ಬಿಡಿಸಿ ಹೇಳ್ರಿ."

"ಇದು ಇಎಕ್ಸ್‌ಟಿ4. ಭಾಳ ಮಂದಿ ಇದನ್ನ ಹಾಕ್ತಾರ. ಇದು ಬಿಟಿಆರ್‌ಎಫ್‌ಎಸ್. ಇದರಾಗ ಡಿಸ್ಕ್ ಹೆಂಗೈತಿ ಹಂಗ ಸ್ನ್ಯಾಪ್‌ಶಾಟ್ ತಗದಿಟ್ರ, ಆಮ್ಯಾಲ ಫೈಲ್ ಅಳಿಸಿದ್ರೂ ಹಳೇದು ಹಂಗ ಉಳೀತೈತ್ರಿ. ಆದ್ರ ಜಾಗ ತಿಂತೈತಿ."

"ತಿನ್ಲಿ. ಅದನ್ನ ಹಾಕ್ರಿ."

"ಝೆರಾಕ್ಸ್ ಅಂಗಡಿಗೆ ಅದ್ಯಾಕ್ರಿ ಅಕ್ಕಾರ?"

"ಅಂಗಡಿ ನಂದು."

ಅಂದಿನಿಂದ ಬಾಗಿಲು ಹಾಕುವ ಮುನ್ನ ದಿನವೂ ಒಂದು ಸ್ನ್ಯಾಪ್‌ಶಾಟ್. ದೇವರ ದೀಪ ಆಮೇಲೆ.

ನಾನಾಗ ಕೊರ್ಲಿಮ್‌ನ ಕಾರ್ಖಾನೆಯೊಂದರಲ್ಲಿ ಪ್ಯಾಕಿಂಗ್ ಕೆಲಸಕ್ಕಿದ್ದೆ. ಏಳು ವರ್ಷ ದುಡಿದ ಹನ್ನೊಂದು ಹೆಂಗಸರು ನಮ್ಮನ್ನು ಕಾಯಂ ಮಾಡಿ ಎಂದು ಕೇಳಿದೆವು. ನಮ್ಮನ್ನು ಕೆಲಸಕ್ಕೆ ಹಚ್ಚಿದ್ದ ಗುತ್ತಿಗೆದಾರ ಹೊಸ ಕಾರ್ಡು ಕೊಡುವೆನೆಂದು ಹಳೆಯವನ್ನೆಲ್ಲ ಇಸಿದುಕೊಂಡ. ಆಮೇಲೆ, ನೀವು ಈ ವರ್ಷ ಸೇರಿದವರು ಅಂದುಬಿಟ್ಟ. ನಮ್ಮ ಊರ ಕಡೆಯವನೇ. ಅದಕ್ಕೇ ಇಂದಿಗೂ ಹೊಟ್ಟೆ ಉರಿಯುತ್ತದೆ. ನಾವು ಕಾರ್ಮಿಕ ಕಚೇರಿಗೆ ದೂರು ಕೊಟ್ಟೆವು. ಅದರ ವಿಚಾರಣೆಗೆ ಒಂದು ದಿನ ಇರುವಾಗ, ಅಕ್ಕನ ಹತ್ತಿರ ನಕಲುಗಳಿವೆಯೆಂದು ಅವನಿಗೆ ಸುದ್ದಿ ಮುಟ್ಟಿತು. ಇಬ್ಬರನ್ನು ಕಟ್ಟಿಕೊಂಡು ಅಂಗಡಿಗೇ ಬಂದ.

"ಆ ಕಾರ್ಡಿನ ಫೋಟೋ ಎಲ್ಲಾ ಅಳಸು. ನನ್ನ ಕಣ್ಮುಂದ."

ಅಕ್ಕ ಮೌಸ್ ಎಳೆದುಕೊಂಡು ಎಲ್ಲವನ್ನೂ ಅಳಿಸಿದಳು. ಕಸದ ಬುಟ್ಟಿಯ ಫೋಲ್ಡರನ್ನೂ ಖಾಲಿ ಮಾಡಿಸಿ ಅವನು ಹೊರಟ. ಅಲ್ಲೇ ಸ್ಟೂಲಿನ ಮೇಲೆ ಕೂತಿದ್ದ ನಾನು ಅಕ್ಕನ ಮೇಲೆ ಹರಿಹಾಯ್ದೆ. "ಇಷ್ಟ ಏನು ನಿನ್ನ ಧೈರ್ಯ? ನಮ್ಮ ಹೊಟ್ಟಿ ಮ್ಯಾಲ ಹೊಡದಿ!"

"ಬಾಯಿ ಮುಚ್ಚಿ ಪ್ರಿಂಟರಿಗೆ ಹಾಳಿ ತುಂಬು," ಅಂದಳು. ಹಿಂದಿನ ಸಂಜೆಯ ಸ್ನ್ಯಾಪ್‌ಶಾಟ್ ತೆರೆದಳು. ಏಳು ವರ್ಷಗಳ ಕಾರ್ಡುಗಳು ಒಂದೊಂದಾಗಿ ಹೊರಬಂದವು.

ಮರುದಿನ ಅವನ್ನು ಅಧಿಕಾರಿಯ ಮೇಜಿನ ಮೇಲೆ ಇಟ್ಟವಳೂ ಅವಳೇ. ಗುತ್ತಿಗೆದಾರನಿಗೆ ನಾಲಿಗೆ ಹಿಡಿತ ತಪ್ಪಿತು. "ನಿನ್ನೆ ಎಲ್ಲಾ ಅಳಸಿದ್ದಿಯಲ್ಲ!"

"ಅಳಸಿದ್ದು ಖರೇರಿ. ಅಳಸು ಅಂದವ್ರು ಯಾರು ಅನ್ನೋದನ್ನೂ ಸಾಹೇಬ್ರಿಗೆ ಹೇಳ್ರಿ," ಅಂದಳು ಅಕ್ಕ.

ಹನ್ನೊಂದು ಮಂದಿಯೂ ಕಾಯಂ ಆದೆವು. ಇವತ್ತು ನಾನು ಉಣ್ಣುವ ಅನ್ನ ಅವಳ ಹಠದ್ದು.

ಅಕ್ಕ ಕ್ಯಾನ್ಸರಿನಿಂದ ತೀರಿಕೊಂಡು ಎರಡು ವರ್ಷವಾಯಿತು. ಅವಳ ತಮ್ಮ ಕಂಪ್ಯೂಟರನ್ನು ಖಾಲಿ ಮಾಡಿ ಮಾರಲು ಹೊರಟಾಗ, ಇದ್ದ ಹಾಗೆಯೇ ಕೊಡು ಎಂದು ಪಟ್ಟು ಹಿಡಿದು ಮನೆಗೆ ತಂದೆ. ಈಗ ಭಾನುವಾರ ಹೆಂಗಸರು ಕಾರ್ಡು ಹಿಡಿದು ನನ್ನ ಹತ್ತಿರ ಬರುತ್ತಾರೆ. ದಿನದ ಸ್ನ್ಯಾಪ್‌ಶಾಟನ್ನು ನಾನೂ ತಪ್ಪಿಸಿಲ್ಲ. ಮೊನ್ನೆ ಅದೇ ಗುತ್ತಿಗೆದಾರ, ಆ ಕಾರ್ಡುಗಳ ನಕಲುಗಳೆಲ್ಲ ಇನ್ನೂ ಇವೆಯೇ ಎಂದು ಕೇಳಲು ಒಬ್ಬನನ್ನು ಕಳಿಸಿದ್ದ.

"ಅದಾವು ಅಂತ ಹೇಳು," ಅಂದೆ. "ಬೇಕಾದ್ರ ಬಂದು ಅಳಸಿ ಹೋಗು ಅನ್ನು."