ಹಳದಿ ಹಣೆಯ ಎತ್ತು

ನಾನು ಚಿಕ್ಕವಳಿದ್ದಾಗ ಅಂತ ಬಾಯಿ ತೆಗೆದರೆ ಸಾಕು, ನೀವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿ ನಗುತ್ತೀರಿ. ನಗಿ ಪರವಾಗಿಲ್ಲ. ಆದರೆ ಮೊನ್ನೆ ಆಕಳು ಮಾರಿದಾಗ ಹಗ್ಗ ಯಾಕೆ ಬಿಚ್ಚಿಟ್ಟುಕೊಂಡೆ ಅಜ್ಜಿ ಎಂದು ಕೇಳಿದವರು ನೀವೇ. ಕೊಂಡವನು ಗಾಡಿ ನಿಲ್ಲಿಸಿಕೊಂಡು ಕಾಯುತ್ತಿದ್ದ, ನಾನು ಅವನನ್ನು ಹೊಸ ಹಗ್ಗ ತರಲು ಅಂಗಡಿಗೆ ಅಟ್ಟಿದೆ. ನಿಮಗೆ ನಾಚಿಕೆಯಾಯಿತಂತೆ! ಇದಕ್ಕೆ ಉತ್ತರ ಬೇಕಾದರೆ ಎಪ್ಪತ್ತರ ದಶಕದ ಒಂದು ದನದ ಸಂತೆಗೆ ಹೋಗಬೇಕು. ನನಗಾಗ ಒಂಬತ್ತು ವರ್ಷ, ತಲೆಗೆ ಎರಡು ಜಡೆ, ಕಾಲಿಗೆ ಚಪ್ಪಲಿ ಇಲ್ಲ.

ಆಗ ನಾವು ಹಡಗಲಿ ಸೀಮೆಗೆ ಹತ್ತಿರದ ಅರಸೀಕೆರೆಯ ಬಳಿ ಒಂದು ಹಳ್ಳಿಯಲ್ಲಿದ್ದೆವು. ಮನೆಯಲ್ಲಿ ಅಪ್ಪ, ಅವ್ವ, ಅಕ್ಕ, ನಾನು, ಮತ್ತೊಂದು ಒಂಟಿ ಎತ್ತು. ಅದರ ಜೊತೆಯ ಎತ್ತು ಬೇಸಿಗೆಯಲ್ಲಿ ಸತ್ತಿತ್ತು. ಈಗ ಮಳೆ ಬಿದ್ದು ಹೊಲ ಹದಕ್ಕೆ ಬಂದಿತ್ತು. ಎರಡು ದಿನದಲ್ಲಿ ಜೋಳ ಬಿತ್ತದಿದ್ದರೆ ಹದ ಆರಿಹೋಗುತ್ತದೆ, ಬಿತ್ತಬೇಕೆಂದರೆ ಕೂರಿಗೆಗೆ ಜೋಡೆತ್ತು ಬೇಕು. ಊರಲ್ಲಿ ಎಲ್ಲರೂ ಬಿತ್ತುವವರೇ, ಎತ್ತು ಯಾರು ಕೊಡುತ್ತಾರೆ? ಹಾಗಾಗಿ ಅಪ್ಪ ಬೆಳಗಿನ ಜಾವವೇ ಸಂತೆಗೆ ಹೊರಟರು. ನಾನೂ ಬರುತ್ತೇನೆಂದು ಹಟ ಮಾಡಿ, ಅತ್ತು, ಗೆದ್ದು ಹಿಂದೆ ಬಿದ್ದೆ.

ಹೊರಡುವಾಗ ಅವ್ವ ಅಪ್ಪನ ಕೈಗೆ ಹೊಸ ಹಗ್ಗ ಕೊಟ್ಟಳು. ನನ್ನ ಕೈಗೆ ಒಂದು ಚಿಕ್ಕ ಬಟ್ಟೆಯ ಗಂಟು ಕೊಟ್ಟಳು. ಅದರಲ್ಲಿ ಮನೆದೇವರ ಭಂಡಾರವಿತ್ತು, ಅಂದರೆ ಪೂಜೆಯ ಅರಿಶಿನ ಪುಡಿ. "ಎತ್ತು ನಮ್ಮ ಕೈಗೆ ಬಂದ ಕೂಡ್ಲೇ ಹಣಿಗೆ ಹಚ್ಚು, ಮರಿಬ್ಯಾಡ. ಸಂತ್ಯಾಗ ನೂರು ಮಂದಿ ಕಣ್ಣು ಬಿದ್ದಿರ್ತಾವ," ಎಂದಳು. ನಾನು ಆ ಗಂಟನ್ನು ದಾರಿಯುದ್ದಕ್ಕೂ ಮುಷ್ಟಿಯಲ್ಲೇ ಹಿಡಿದಿದ್ದೆ. ಬೆವರಿಗೆ ಅಂಗೈಯೆಲ್ಲ ಹಳದಿಯಾಗಿತ್ತು.

ಸಂತೆ ಎಂದರೆ ಏನೆಂದು ಹೇಳಲಿ! ಸಗಣಿ, ಗಂಜಲ, ಹಸಿ ಮೇವು, ಮಿರ್ಚಿ ಬಜ್ಜಿ, ಎಲ್ಲ ಸೇರಿ ಒಂದೇ ವಾಸನೆ. ಕೊಂಬಿಗೆ ಬಣ್ಣ ಬಳಿದ ಎತ್ತುಗಳು, ಮೈಗೆ ಎಣ್ಣೆ ಸವರಿದ ಹೋರಿಗಳು. ಜನ ಎತ್ತಿನ ಬಾಯಿ ತೆರೆದು ಹಲ್ಲು ಎಣಿಸುತ್ತಿದ್ದರು, ಬಾಲ ಎತ್ತುತ್ತಿದ್ದರು, ಮೈಮೇಲಿನ ಸುಳಿ ನೋಡಿ ತಲೆ ಅಲ್ಲಾಡಿಸುತ್ತಿದ್ದರು. ನನಗೆ ಒಂದೂ ತಿಳಿಯಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಅಪ್ಪ ಒಬ್ಬ ಮುದುಕನ ಮುಂದೆ ನಿಂತರು. ಅವನು ಹಡಗಲಿ ಕಡೆಯವನು. ಹೊಲಕ್ಕೆಲ್ಲ ಮಲ್ಲಿಗೆ ಹಚ್ಚಿದ್ದೇನೆ, ಎತ್ತಿಗೆ ಕೆಲಸವಿಲ್ಲ, ಅದಕ್ಕೇ ಮಾರುತ್ತಿದ್ದೇನೆ ಎಂದ. ಅವನ ಪಕ್ಕದ ಗೂಟಕ್ಕೆ ಕೆಂದು ಬಣ್ಣದ ಎತ್ತೊಂದನ್ನು ಕಟ್ಟಿದ್ದ. ಹಣೆಯ ಮೇಲೆ ಕೈಯಗಲದ ಬಿಳಿ ಚುಕ್ಕೆ, ಅದಕ್ಕೂ ಎಣ್ಣೆ ಸವರಿ ಮಿರಮಿರ ಹೊಳೆಯುವಂತೆ ಮಾಡಿದ್ದ.

ಆಮೇಲೆ ಅಪ್ಪ ಮತ್ತು ಆ ಅಜ್ಜ ಒಂದು ಟವೆಲ್ಲಿನ ಕೆಳಗೆ ಕೈ ಕೈ ಹಿಡಿದುಕೊಂಡು ನಿಂತರು. ಮಾತಿಲ್ಲ, ಕತೆಯಿಲ್ಲ. ಒಬ್ಬರು ತಲೆ ಅಲ್ಲಾಡಿಸುತ್ತಾರೆ, ಇನ್ನೊಬ್ಬರು ನಗುತ್ತಾರೆ, ಮತ್ತೆ ಟವೆಲ್ಲಿನೊಳಗೆ ಬೆರಳು ಹಿಸುಕುತ್ತಾರೆ. ಬೆರಳು ಹಿಡಿದೇ ಬೆಲೆ ಹೇಳುವುದು ಸಂತೆಯ ಪದ್ಧತಿ ಎಂದು ನನಗೆ ಆಗ ಗೊತ್ತಿರಲಿಲ್ಲ. ನಮ್ಮಪ್ಪನಿಗೆ ಏನಾಯಿತಪ್ಪಾ ಎಂದು ಗಾಬರಿಯಾಗಿ ನೋಡುತ್ತಿದ್ದೆ. ಕೊನೆಗೆ ಇಬ್ಬರೂ ಕೈಬಿಟ್ಟು ನಗುತ್ತಾ ಹೋಗಿ ಚಪ್ಪರದ ಕೆಳಗೆ ಕುಳಿತಿದ್ದ ಗುಮಾಸ್ತನಿಂದ ಚೀಟಿ ಬರೆಸಿದರು. ಯಾರು ಮಾರಿದವರು, ಯಾರು ಕೊಂಡವರು, ಎತ್ತಿನ ಗುರುತೇನು ಎಂದೆಲ್ಲ ಅದರಲ್ಲಿತ್ತು. "ಕೆಂದು ಎತ್ತು, ನಾಲ್ಕು ಹಲ್ಲು, ಹಣೆಗೆ ಬಿಳಿ ಚುಕ್ಕೆ." ಫೀ ಕಟ್ಟಿದ ಮೇಲೆ ಗುಮಾಸ್ತ ಧಡ್ ಎಂದು ಠಸ್ಸೆ ಒತ್ತಿದ.

ಅಜ್ಜ ಬಂದು ತನ್ನ ಹಗ್ಗವನ್ನು ಬಿಚ್ಚಿಕೊಂಡ. ಅಪ್ಪ ನಮ್ಮ ಹೊಸ ಹಗ್ಗ ಕಟ್ಟಿದರು. ಎತ್ತು ಕೊಟ್ಟವನು ಒಂದು ಹಳೇ ಹಗ್ಗ ಯಾಕೆ ಕೊಡುವುದಿಲ್ಲ ಎಂದು ಕೇಳಿದೆ. "ಎತ್ತು ಹೋದ್ರೂ ಹಗ್ಗ ಮನಿಗೆ ಬರಬೇಕವ್ವ. ಅದನ್ನೂ ಕೊಟ್ರ ಕೊಟಿಗಿ ಬರಿದಾಗ್ತೈತಿ," ಎಂದು ಅಜ್ಜ ಹಗ್ಗವನ್ನು ಹೆಗಲಿಗೆ ಹಾಕಿಕೊಂಡ. ಅಲ್ಲ, ಎತ್ತೇ ಹೋದ ಮೇಲೆ ಕೊಟ್ಟಿಗೆ ಬರಿದಾಗದೆ ಇರುತ್ತದೆಯೇ? ನನಗೆ ಅದೂ ಅರ್ಥವಾಗಲಿಲ್ಲ.

ಅಪ್ಪ ಚಹಾ ಕುಡಿಯಲು ಹೋದಾಗ ನನಗೆ ಭಂಡಾರದ ನೆನಪಾಯಿತು. ಹಣೆಗೆ ಹಚ್ಚು ಎಂದಿದ್ದಳಲ್ಲ ಅವ್ವ! ನೂರು ಮಂದಿಯ ಕಣ್ಣು ಬಿದ್ದಿದೆ, ಒಂದು ಬೊಟ್ಟು ಯಾವ ಮೂಲೆಗೆ ಸಾಕು? ಗಂಟು ಬಿಚ್ಚಿ ಪೂರ್ತಿ ಭಂಡಾರವನ್ನು ಎರಡೂ ಕೈಯಿಂದ ಕೊಂಬಿನ ಬುಡದಿಂದ ಮೂಗಿನವರೆಗೆ ಬಳಿದೆ. ಎಣ್ಣೆಯ ಮೈಗೆ ಅದು ಎಷ್ಟು ಚೆನ್ನಾಗಿ ಹಿಡಿಯಿತು ಅಂತೀರಿ! ಎತ್ತು ಕಣ್ಣು ಮುಚ್ಚಿಕೊಂಡು ಸುಮ್ಮನೆ ಹಚ್ಚಿಸಿಕೊಂಡಿತು. ನನಗೆ ಭಾಳ ಹೆಮ್ಮೆಯಾಯಿತು.

ಸಂತೆಯ ಗೇಟಿನಲ್ಲಿ ಚೀಟಿ ನೋಡುವವನೊಬ್ಬ ನಿಂತಿದ್ದ. ಚೀಟಿ ಓದಿದ, ಎತ್ತು ನೋಡಿದ. ಮತ್ತೆ ಚೀಟಿ ಓದಿದ.

"ಬಿಳಿ ಚುಕ್ಕಿ ಎಲ್ಲೈತ್ರಿ? ಇದರ ಮಾರಿ ನೋಡಿದ್ರ ಮದುವಿ ಗಂಡಿನಂಗ ಐತಿ!"

"ಹುಡುಗಿ ಭಂಡಾರ ಹಚ್ಯಾಳ್ರಿ. ಅದರ ಕೆಳಗ ಬಿಳಿ ಐತಿ," ಎಂದರು ಅಪ್ಪ.

ಅಪ್ಪ ನನ್ನ ಕಡೆ ನೋಡಿದ ನೋಟ ಈಗಲೂ ನೆನಪಿದೆ. ಎತ್ತನ್ನು ನೀರಿನ ತೊಟ್ಟಿಗೆ ಹೊಡೆದುಕೊಂಡು ಹೋಗಿ ಟವೆಲ್ಲಿನಿಂದ ತಿಕ್ಕಿದರು. ಟವೆಲ್ಲು ಹಳದಿಯಾಯಿತು, ತೊಟ್ಟಿಯ ನೀರು ಹಳದಿಯಾಯಿತು, ಹಣೆ ಇನ್ನಷ್ಟು ಹಳದಿಯಾಯಿತು. ಬಿಳಿ ಕೂದಲು ಎಲ್ಲಿ ಶುರು, ಕೆಂದು ಕೂದಲು ಎಲ್ಲಿ ಮುಗಿಯಿತು ಎಂದು ದೇವರಿಗೇ ಗೊತ್ತು.

ಗೇಟಿನವನು ಕರಗಲಿಲ್ಲ. "ಹೋದ ಸಂತ್ಯಾಗ ಹಿಂಗಾ ಒಬ್ಬಾತ ಯಾರದೋ ಚೀಟಿ ತೋರಿಸಿ ಯಾರದೋ ಎತ್ತು ಹೊಡ್ಕಂಡು ಹೋದ. ಬೈಸ್ಕಂಡಿದ್ದು ನಾನು. ಮಾರಿದಾತನ್ನ ಕರ್ಕಂಡು ಬರ್ರಿ. ಗುಮಾಸ್ತರು ಐದಕ್ಕ ಪೆಟ್ಟಿಗಿ ಮುಚ್ತಾರ. ಆಮ್ಯಾಲೆ ಎತ್ತು ದೊಡ್ಡಿಗೇ, ಮುಂದಿನ ಸಂತಿಗೆ ಬಂದು ಬಿಡಿಸ್ಕಂಡು ಹೋಗ್ರಿ."

ಮುಂದಿನ ಸಂತೆ ಎಂದರೆ ಒಂದು ವಾರ! ಅಷ್ಟರಲ್ಲಿ ಹೊಲದ ಹದ ಎಲ್ಲಿರುತ್ತದೆ? ಅಪ್ಪ ಹಗ್ಗವನ್ನು ನನ್ನ ಕೈಗೆ ತುರುಕಿ, "ಇಲ್ಲೇ ನಿಂದ್ರು, ಅಲ್ಲಾಡಬ್ಯಾಡ," ಎಂದು ಬಸ್‌ಸ್ಟ್ಯಾಂಡಿನ ಕಡೆ ಓಡಿದರು. ನಾನು ಅಳುತ್ತಾ ನಿಂತೆ. ದುಡ್ಡು ಕೊಟ್ಟಾಗಿದೆ, ಚೀಟಿ ಬರೆಸಿಯಾಗಿದೆ, ಹಗ್ಗವೂ ನಮ್ಮದೇ, ದೇವರ ಭಂಡಾರವನ್ನೂ ಹಚ್ಚಿದ್ದೇನೆ. ಇಷ್ಟಾದರೂ ಎತ್ತು ನಮ್ಮದಲ್ಲವಂತೆ! ಹಾಗಾದರೆ ಇನ್ನೇನು ಮಾಡಬೇಕಿತ್ತು?

ಎತ್ತು ಮಾತ್ರ ಅಲ್ಲಾಡದೆ ನಿಲ್ಲಲಿಲ್ಲ. ಕಿವಿ ನಿಗುರಿಸಿತು, ಒಮ್ಮೆ ಕೂಗಿತು, ಸಂತೆಯ ಒಳಕ್ಕೇ ತಿರುಗಿ ನಡೆಯಿತು. ನನ್ನ ಕೈಲಿ ಹಿಡಿಯುವುದಕ್ಕೆ ಆಗುತ್ತದೆಯೇ? ಹಿಂದಿನಿಂದ ಗೇಟಿನವನು "ಏ ಹುಡುಗಿ, ಏ ಹುಡುಗಿ!" ಎಂದು ಕೂಗುತ್ತಿದ್ದ. ಎತ್ತು ನನ್ನನ್ನು ದರದರ ಎಳೆದುಕೊಂಡು ಹೋಗಿ, ಬೆಳಿಗ್ಗೆ ತಾನು ನಿಂತಿದ್ದ ಗೂಟದ ಮುಂದೆಯೇ ನಿಂತಿತು. ಅಲ್ಲಿ ಆ ಅಜ್ಜ ಕುಳಿತಿದ್ದ. ಹಗ್ಗ ಹೆಗಲ ಮೇಲೇ ಇತ್ತು. ಎತ್ತಿನ ಮುಖ ನೋಡಿ, "ಅಯ್ಯಯ್ಯ, ಏನವ್ವಾ ಇದು?" ಎಂದ. ನಾನು ಬಿಕ್ಕುತ್ತಲೇ ಎಲ್ಲವನ್ನೂ ಹೇಳಿದೆ.

ಅಜ್ಜ ಗುಮಾಸ್ತನ ಹತ್ತಿರ ಬಂದ. ಅಪ್ಪನೂ ಬಸ್‌ಸ್ಟ್ಯಾಂಡು ಹುಡುಕಿ ಏದುಸಿರು ಬಿಡುತ್ತಾ ಬಂದರು. ಇನ್ನೇನು ತೊಂದರೆ ಮುಗಿಯಿತು ಎಂದುಕೊಂಡೆ. ಗುಮಾಸ್ತ ಕನ್ನಡಕ ಮೇಲೇರಿಸಿ, "ಹಣಿ ಗುರುತು ನಡಿಯಾಂಗಿಲ್ಲ ಯಜಮಾನ್ರ. ಅಳಿಸಲಾರದ್ದು ಬ್ಯಾರೆ ಏನಾರ ಐತೇನು ಹೇಳ್ರಿ, ಹೊಸ ಚೀಟಿ ಬರಿತೀನಿ," ಎಂದ.

ಅಜ್ಜ ಹೆಗಲ ಹಗ್ಗ ಸರಿಮಾಡಿಕೊಂಡ. ನೆಲ ನೋಡಿದ, ಎತ್ತು ನೋಡಿದ. ಆಮೇಲೆ ಬಗ್ಗಿ ಎತ್ತಿನ ಎಡ ಹೊಟ್ಟೆಯ ಕೆಳಗೆ, ಹಿಂಗಾಲಿನ ಸಂದಿನ ಹತ್ತಿರ ಕೂದಲು ಸರಿಸಿದ. ಅಲ್ಲಿ ಕಾಯಿಸಿದ ಕಬ್ಬಿಣದಿಂದ ಹಾಕಿದ ಎರಡು ಗೆರೆ ಬರೆ ಇತ್ತು.

"ಕರು ಇದ್ದಾಗ ಹೊಟ್ಟಿ ಉಬ್ಬಿ ಸಾಯಂಗಾಗಿತ್ತು. ನಮ್ಮನಿಯಾಕಿ ಬರಿ ಹಾಕಿ ಉಳಿಸ್ಕಂಡ್ಲು. ಆಮ್ಯಾಲೆ ಒಂದ್ ದಿನಾನೂ ಅದು ಬಂದಿಲ್ರಿ. ಆದ್ರ ಬರಿ ಕಂಡ್ರ ಜಡ್ಡಿನ ಎತ್ತು ಅಂತ ಯಾರೂ ತಗಳಲ್ಲ. ಅದಕ್ಕ ನಿಮಗ ಹೇಳ್ಲಿಲ್ಲ. ತಪ್ಪಾತು," ಎಂದು ಅಜ್ಜ ಸೊಂಟದಿಂದ ದುಡ್ಡಿನ ಗಂಟು ತೆಗೆದು ಅಪ್ಪನ ಮುಂದೆ ಹಿಡಿದ. "ಬ್ಯಾಡಂದ್ರ ಬ್ಯಾಡ್ರಿ, ತಗಳ್ರಿ."

ನನಗೆ ದಿಕ್ಕೇ ತಪ್ಪಿತು. ಅಜ್ಜ ನಿಜ ಹೇಳಿದ್ದಕ್ಕೆ ಎತ್ತು ಹೋಗುತ್ತದೆಯೇ? ಹೇಳದಿದ್ದರೂ ಹೋಗುತ್ತಿತ್ತಲ್ಲ! ಅವನ ಮೇಲೆ ಸಿಟ್ಟು ಬರಬೇಕೋ, ಅವನಿಗಾಗಿ ಅಳಬೇಕೋ ತಿಳಿಯದೆ ಅಪ್ಪನ ಅಂಗಿಯ ಚುಂಗು ಹಿಡಿದು ನಿಂತೆ. ಅಪ್ಪ ಎತ್ತಿನ ಹೊಟ್ಟೆಯನ್ನು ಎರಡು ಸಲ ಒತ್ತಿ ನೋಡಿದರು. ಆಮೇಲೆ ಸಂಬಂಧವೇ ಇಲ್ಲದ ಮಾತು ಕೇಳಿದರು.

"ಯಜಮಾನ್ರ, ಬಸ್ಸು ಹೋಗಿ ಎಷ್ಟೊತ್ತಾತು. ನೀವ್ಯಾಕ ಹತ್ತಲಿಲ್ಲ?"

"ಇದು ಗೇಟು ದಾಟಿದ್ದು ಕಣ್ಣಿಲೆ ನೋಡಿ ಹೋಗಾಣ ಅಂತ ಕುಂತಿದ್ದೆ. ನೀವು ದಾಟಲೇ ಇಲ್ಲ," ಎಂದ ಅಜ್ಜ.

ಅಪ್ಪ ಆ ದುಡ್ಡಿನ ಗಂಟನ್ನು ಅವನ ಸೊಂಟಕ್ಕೇ ಸಿಕ್ಕಿಸಿದರು. ಗುಮಾಸ್ತನಿಗೆ, "ಬರ್ಕಳ್ರಿ. ಎಡಗಡಿ ಹೊಟ್ಟಿಗೆ ಎರಡು ಗೆರಿ ಬರಿ," ಎಂದರು. ಮತ್ತೊಮ್ಮೆ ಫೀ, ಮತ್ತೊಮ್ಮೆ ಧಡ್. ಗೇಟಿನವನು ಈ ಸಲ ನೆಲಕ್ಕೆ ಕುಕ್ಕರುಗಾಲಲ್ಲಿ ಕುಳಿತು ಹೊಟ್ಟೆಯ ಕೆಳಗೆ ಇಣುಕಿ ನೋಡಿದ ಮೇಲೇ ಬಿಟ್ಟ.

ಊರ ದಾರಿಯಲ್ಲಿ ಎತ್ತು ಹತ್ತು ಹೆಜ್ಜೆಗೊಮ್ಮೆ ನಿಂತು ಹಿಂದಕ್ಕೆ ತಿರುಗುತ್ತಿತ್ತು. "ಅಪ್ಪಾ, ಚೀಟಿ ನೋಡಿ ಗೇಟಿನಾತಗ ಗೊತ್ತಾತು. ಎತ್ತಿಗೆ ಯಾರು ಹೇಳ್ತಾರ?" ಎಂದು ಕೇಳಿದೆ. ಅಪ್ಪ ಹಗ್ಗವನ್ನು ಮೆಲ್ಲಗೆ ಜಗ್ಗಿದರು. ಆಮೇಲೆ, "ಸುಮ್ನ ನಡಿಯವ್ವ," ಎಂದರು. ಮಾರನೆಯ ದಿನ ಹೊಲ ಬಿತ್ತಿದೆವು. ಆ ಎತ್ತಿಗೆ ಹೊಟ್ಟೆ ಉಬ್ಬಲೇ ಇಲ್ಲ. ಹಣೆಯ ಹಳದಿ ಹೋಗಲು ಮಾತ್ರ ಎಷ್ಟೋ ದಿನ ಹಿಡಿಯಿತು, ಅಲ್ಲಿಯವರೆಗೂ ಅಕ್ಕ ನನ್ನನ್ನು ಮದುವಿ ಗಂಡಿನ ಹೆಂಡತಿ ಎಂದು ಕಾಡಿದಳು.

ನಿಮ್ಮ ಕಾಲ ನೋಡಿ ಎಷ್ಟು ಸಲೀಸು. ಆಕಳ ಕಿವಿಗೆ ಹಳದಿ ಬಿಲ್ಲೆ, ಅದರ ಮೇಲೆ ಮಾರುದ್ದ ನಂಬರು. ಮೊನ್ನೆ ಬಂದ ದನದ ಆಸ್ಪತ್ರೆಯವನು ಫೋನು ತೆಗೆದು ಆ ನಂಬರು ಒತ್ತಿದ, ನನ್ನ ಹೆಸರು ಹೋಯಿತು, ಕೊಂಡವನ ಹೆಸರು ಬಂತು. ಸಾಕ್ಷಿ ಬೇಕಿಲ್ಲ, ಠಸ್ಸೆ ಬೇಕಿಲ್ಲ, ಯಾರೂ ಯಾರ ಹೊಟ್ಟೆಯ ಕೆಳಗೂ ಇಣುಕಬೇಕಿಲ್ಲ. ನಾನು ನೀರು ಕುಡಿದು ಬರುವಷ್ಟರಲ್ಲಿ ಮುಗಿದಿತ್ತು. ಒಳ್ಳೆಯದೇ, ನಾನು ಬೇಡ ಅನ್ನುವುದಿಲ್ಲ.

ಆದರೆ ಪುಟ್ಟೀ, ಗಾಡಿ ಹೋದ ಮೇಲೆ ನೀನು ಬಾಗಿಲಲ್ಲಿ ನಿಂತು ಕೇಳಿದೆಯಲ್ಲ, "ಅಜ್ಜಿ, ಈಗ ಆಕಳಿಗೆ ಯಾರು ಹೇಳ್ತಾರ?" ಅಂತ. ನಾನೂ ನಮ್ಮಪ್ಪನ ಹಾಗೆಯೇ ಸುಮ್ನ ಒಳಗ ನಡಿಯವ್ವ ಎಂದುಬಿಟ್ಟೆ. ಸಂಜೆ ಕೊಟ್ಟಿಗೆಗೆ ಬಂದು ನೋಡಿದರೆ, ಹಗ್ಗ ಕಂಡು ನಕ್ಕವರು ನೀವಿಬ್ಬರೂ ಗೂಟದ ಹತ್ತಿರ ಕುಳಿತು ಅದೇ ಹಗ್ಗವನ್ನು ಮೂಸಿ ನೋಡುತ್ತಿದ್ದಿರಿ.