ಗುಡ್ಡದಲ್ಲಿ ತಲೆಯಾಡಿಸಿದ್ದು

ತಲೆಯಾಡಿಸುವುದರಲ್ಲಿ ನನ್ನಷ್ಟು ಪಳಗಿದವಳು ನಮ್ಮ ಬನಹಟ್ಟಿಯಲ್ಲಿ ಇನ್ನೊಬ್ಬಳು ಸಿಗಲಿಕ್ಕಿಲ್ಲ. ಎದುರಿಗಿದ್ದವರ ಮುಖ ನೋಡಿ ಎಲ್ಲಿ ಹೂಂ ಅನ್ನಬೇಕು, ಎಲ್ಲಿ ಅಯ್ಯ ಪಾಪ ಅನ್ನಬೇಕು, ಎಲ್ಲಿ ಬಾಯಿಗೆ ಸೆರಗು ಹಿಡಿದು ನಗಬೇಕು, ಎಲ್ಲ ಗೊತ್ತು ನನಗೆ. ಇಪ್ಪತ್ತಾರು ವರ್ಷ ಪವರ್‌ಲೂಮ್ ಶೆಡ್ಡಿನಲ್ಲಿ ನೂಲಿನ ಕಂಡಿಕೆ ಸುತ್ತಿ ಕಲಿತ ವಿದ್ಯೆ ಇದು. ಹದಿನಾರು ಮಗ್ಗಗಳು ಒಟ್ಟಿಗೆ ಖಟಖಟ ಹೊಡೆದುಕೊಳ್ಳುವಾಗ ಅಲ್ಲಿ ಯಾರ ಮಾತೂ ಯಾರಿಗೂ ಮುಟ್ಟುವುದಿಲ್ಲ. ಎರಡೂ ಅಂಗೈ ಕೆಳಗೊತ್ತಿದರೆ ಮಗ್ಗ ನಿಲ್ಲಿಸು ಎಂದು ಅರ್ಥ. ಎರಡು ಬೆರಳು ಕತ್ತರಿಯಂತೆ ಆಡಿಸಿದರೆ ಎಳೆ ಹರಿದಿದೆ. ಇಂಥ ಹತ್ತಿಪ್ಪತ್ತು ಸನ್ನೆಗಳಲ್ಲೇ ನಮ್ಮ ಸಂಸಾರ ನಡೆಯುತ್ತದೆ. ಸನ್ನೆಗೆ ಸಿಗದ ಮಾತನ್ನು ಯಾರಾದರೂ ಕಿವಿಯ ಹತ್ತಿರ ಬಂದು ಕೂಗಿದರೆ ತಲೆಯಾಡಿಸಿಬಿಡುವುದು. ಇನ್ನೊಮ್ಮೆ ಹೇಳ್ರಿ ಅನ್ನುವ ಪದ್ಧತಿ ನಮ್ಮ ಶೆಡ್ಡಿನಲ್ಲಿ ಇಲ್ಲ. ಅದಕ್ಕೆ ಮಗ್ಗ ನಿಲ್ಲಿಸಬೇಕು, ಮಗ್ಗ ಯಾರು ನಿಲ್ಲಿಸುತ್ತಾರೆ?

ನನ್ನ ಎಡಗಿವಿ ಪೂರ್ತಿ ಹೋಗಿ ಐದು ವರ್ಷವಾಗಿತ್ತು. ಬಲಗಿವಿಗೆ ಎದುರು ನಿಂತು ಜೋರಾಗಿ ಆಡಿದ ಮಾತು ಸಿಗುತ್ತಿತ್ತು. ಉಳಿದದ್ದನ್ನು ತುಟಿ ನೋಡಿ ತುಂಬಿಕೊಳ್ಳುತ್ತಿದ್ದೆ. ಇದು ಯಾರಿಗೂ ಗೊತ್ತಿರಲಿಲ್ಲ, ಗಂಡನಿಗೂ. ನನ್ನ ಅವ್ವನಿಗೂ ಹೀಗೇ ಆಗಿತ್ತು. ಕೊನೆಕೊನೆಗೆ ಓಣಿಯಲ್ಲಿ ಅವಳಿಗೆ ಹೆಸರೇ ಉಳಿದಿರಲಿಲ್ಲ. ಕಿವುಡಿ ಎಲ್ಲಿ, ಕಿವುಡಿಗೆ ಊಟ ಹಾಕಿದ್ರೇನು, ಇಷ್ಟೇ. ನನ್ನ ಹೆಸರು ನನಗೆ ಬೇಕಾಗಿತ್ತು. ಅದಕ್ಕೇ ಬಾಯಿ ಮುಚ್ಚಿಕೊಂಡಿದ್ದೆ.

ದಸರೆ ಮುಗಿದ ಮೇಲೆ ಟ್ರಾನ್ಸ್‌ಫಾರ್ಮರ್ ಬದಲಿಸಲಿಕ್ಕೆಂದು ನಮ್ಮ ಕಡೆ ಎರಡು ದಿನ ಕರೆಂಟ್ ತೆಗೆದರು. ಮಗ್ಗ ನಿಂತರೆ ನೇಕಾರರಿಗೆ ಕೈಕಾಲು ಎಲ್ಲಿಡಬೇಕೋ ತಿಳಿಯುವುದಿಲ್ಲ. ಪಕ್ಕದ ಮಗ್ಗದ ಅಕ್ಕ ಮೊಬೈಲಿನಲ್ಲಿ ಚಿಂಕಾರದ ವಿಡಿಯೊ ತೋರಿಸಿದಳು. ಮುಧೋಳ ದಾಟಿ ಬೀಳಗಿ ಕಡೆಯ ಗುಡ್ಡದಲ್ಲಿ ಅವನ್ನು ಕಾಪಾಡಿ ಇಟ್ಟಿದ್ದಾರೆ, ಜಿಂಕೆಗಿಂತ ಸಣ್ಣವು, ಮಳೆಗಾಲ ಮುಗಿದ ಮೇಲೆ ಹುಲ್ಲು ಕೆಂಪಾದಾಗ ನೋಡಲು ಚೆಂದ. ಒಂದೇ ಗಂಟೆಯ ಹಾದಿ, ನಾವು ಯಾರೂ ಹೋಗಿರಲಿಲ್ಲ. ಶೆಡ್ಡಿನ ಒಂಬತ್ತು ಜನ ಒಂದು ಜೀಪು ಮಾಡಿದೆವು. ಎಲ್ಲರಿಗೂ ಹಿರಿಯನಾದ ಕಾಕಾ ಮುಂದೆ ಕುಳಿತ. ನಾನು ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಮೊಸರು ಕಟ್ಟಿಕೊಂಡು, ಕಡಲೆಹಿಟ್ಟಿನ ಝುಣಕದ ವಡಿಯನ್ನು ಅಗಲವಾದ ಸ್ಟೀಲ್ ಡಬ್ಬಿಗೆ ತುಂಬಿದೆ. ಅದೇ ಶೆಡ್ಡಿನಲ್ಲಿ ಮಗ್ಗ ನಡೆಸುವ ನನ್ನ ಗಂಡ, ನಮ್ಮವರು, ಎರಡು ಕಟ್ಟು ಬೀಡಿ ತುಂಬಿಕೊಂಡರು.

ಮಹಾಲಿಂಗಪುರದವರೆಗೆ ಜೀಪಿನಲ್ಲಿ ಒಂದೇ ಗದ್ದಲ. ನಮ್ಮ ಶೆಡ್ಡಿನವರಿಗೆ ಮೆಲ್ಲಗೆ ಮಾತಾಡಲು ಬರುವುದೇ ಇಲ್ಲ. ಪಕ್ಕದಲ್ಲಿ ಕುಳಿತವನಿಗೂ ಹೊಲದ ಆಚೆ ಬದುವಿನಲ್ಲಿ ಇದ್ದವನಿಗೆ ಕೂಗಿದ ಹಾಗೆ ಹೇಳುತ್ತಾರೆ. ಡ್ರೈವರ್ ಎರಡು ಸಲ ಹಿಂತಿರುಗಿ ನೋಡಿದ, ಜಗಳ ಹತ್ತಿದೆಯೇನೋ ಎಂದು.

ಗುಡ್ಡದ ಬುಡದ ಗೇಟಿನಲ್ಲಿ ಒಬ್ಬ ಗಾರ್ಡ್ ಇದ್ದ. ಮೂವತ್ತರ ಆಸುಪಾಸಿನವನು, ಬೆಳಗಿನ ಚಳಿಗೆ ಮೂಗು-ಬಾಯಿ ಮುಚ್ಚಿ ಟವೆಲ್ ಸುತ್ತಿಕೊಂಡಿದ್ದ. ಬೀಡಿ, ಕಡ್ಡಿಪೆಟ್ಟಿಗೆ ಒಳಗೆ ಒಯ್ಯುವಂತಿಲ್ಲ ಎಂದು ಬೋರ್ಡು ತೋರಿಸಿದ. ನಮ್ಮವರು ಒಳ್ಳೆಯ ಮನುಷ್ಯನ ಹಾಗೆ ಒಂದು ಕಟ್ಟು ಬೀಡಿ, ಒಂದು ಪೆಟ್ಟಿಗೆ ತೆಗೆದು ಮೇಜಿನ ಮೇಲಿಟ್ಟರು. ಇನ್ನೊಂದು ಜೊತೆ ಒಳಜೇಬಿನಲ್ಲಿದೆ ಎಂದು ನನಗೆ ಗೊತ್ತಿತ್ತು. ಹತ್ತು ಜನರ ಮುಂದೆ ಮಾನ ತೆಗೆಯುವುದು ಬೇಡ ಎಂದು ಹಲ್ಲು ಕಚ್ಚಿದೆ. ಮೊಬೈಲನ್ನು ಅವರು ಚಾರ್ಜಿಗೆಂದು ಡ್ರೈವರ್ ಹತ್ತಿರವೇ ಬಿಟ್ಟಿದ್ದರು.

ಏರಲು ಶುರು ಮಾಡಿದೆವು. ಎರಡೂ ಕಡೆ ಜಾಲಿ, ಕವಳಿ ಗಿಡ, ಮೊಣಕಾಲುದ್ದ ಹುಲ್ಲು. ಗಾರ್ಡ್ ತುಟಿಯ ಮೇಲೆ ಬೆರಳಿಟ್ಟು ತೋರಿಸಿದ್ದರಿಂದ ಎಲ್ಲರೂ ಸುಮ್ಮನಾಗಿದ್ದರು. ಹೊರಗೆ ಸದ್ದು ನಿಂತಾಗ ನನ್ನ ಕಿವಿಯೊಳಗೆ ಶೆಡ್ಡು ಶುರುವಾಗುತ್ತದೆ, ಅದೇ ಹದಿನಾರು ಮಗ್ಗ. ಆ ಸದ್ದಿಗೆ ನನಗೆ ಹೆದರಿಕೆ. ಅಂದು ಉಳಿದವರ ಮುಖ ನೋಡಿದೆ. ಅವರಿಗೂ ಹೀಗೇ ಆಗುತ್ತಿದೆಯೋ ಎಂದು ಗೊತ್ತಾಗಲಿಲ್ಲ.

ಹಾದಿ ಎರಡಾದ ಕಡೆ ಗಾರ್ಡ್ ನಿಂತ. ಅವನ ಬೆನ್ನಿಗೆ ನಾನೇ ಇದ್ದೆ. ನನ್ನ ಎಡಗಿವಿಯ ಹತ್ತಿರ ಬಾಗಿ ಪಿಸುಮಾತಿನಲ್ಲಿ ಏನೇನೋ ಹೇಳಿದ. ಬಾಯಿಗೆ ಟವೆಲ್ ಇತ್ತು, ತುಟಿ ಕಾಣಲಿಲ್ಲ. ಎಡಕ್ಕಿರುವ ದೊಡ್ಡ ಬಂಡೆಗಳ ಕಡೆ ಕೈ ತೋರಿದ, ಆಮೇಲೆ ನನ್ನ ಹಿಂದಿನವರ ಕಡೆ ತೋರಿದ, ಹುಬ್ಬು ಏರಿಸಿ ನಿಂತ. ಏನೋ ಕೇಳುತ್ತಿದ್ದಾನೆ ಎಂದು ತಿಳಿಯಿತು. ನಾನು ತಲೆಯಾಡಿಸಿದೆ. ಅವನಿಗೆ ಸಮಾಧಾನವಾಯಿತು, ಬಲಗಡೆಯ ಹಾದಿ ಹಿಡಿದ.

"ಏನಂದನಲೇ?" ಎಂದು ನಮ್ಮವರು ಹಿಂದಿನಿಂದ ಬಂದು ಮುಖಕ್ಕೆ ಮುಖ ಕೊಟ್ಟು ಕೇಳಿದರು.

ಗೊತ್ತಾಗಲಿಲ್ಲ ಎಂದು ಒಂದು ಮಾತು ಅಂದಿದ್ದರೆ ಮುಗಿದುಹೋಗುತ್ತಿತ್ತು. ಅನ್ನಲಿಲ್ಲ. ಐದು ವರ್ಷದಿಂದ ಊಹೆ ಮಾಡಿ ಮಾಡಿ ನನಗೆ ನನ್ನ ಊಹೆಯ ಮೇಲೆ ಸೊಕ್ಕು ಬಂದಿತ್ತು. ಅಲ್ಲಿ ದೊಡ್ಡ ಬಂಡೆಗಳಿವೆ, ಮೂತ್ರಕ್ಕೆ ಕೂರಲು ಮರೆಯಿದೆ, ಅವನು ತೋರಿಸಿದ್ದು ಹಿಂದಿದ್ದ ಗಂಡಸರನ್ನು. ಲೆಕ್ಕ ಸರಿಹೋಯಿತು.

"ಗಂಡಸ್ರು ಕಾಲ ಮಡಿಯೂದಿದ್ರ ಆ ಕಡೆ ಹೋಗಿ ಬರಬೇಕಂತ. ಮುಂದ ಮರಿ ಇಲ್ಲಂತ" ಎಂದೆ.

ನಮ್ಮವರ ಮುಖ ಅರಳಿತು. ಮರೆಯಲ್ಲಿ ಕೂತು ಒಂದು ಬೀಡಿ ಸೇದಬಹುದಲ್ಲ. ಕಾಲು ಎತ್ತಿಟ್ಟು ಹೊರಟೇಬಿಟ್ಟರು.

ನಾವು ಬಲಗಡೆ ಏರಿ ಒಂದು ಚಪ್ಪಟೆ ಬಂಡೆಯ ಮೇಲೆ ಕುಳಿತೆವು. ಕೆಳಗೆ ದೂರದ ಹುಲ್ಲಿನಲ್ಲಿ ಎರಡು ಚಿಂಕಾರ ಕಂಡವು, ನಮ್ಮ ಓಣಿಯ ಆಡುಗಳಷ್ಟೇ ಎತ್ತರ. ಪಕ್ಕದ ಮಗ್ಗದ ಅಕ್ಕ ನನ್ನ ತೋಳು ಚಿವುಟಿದಳು. ನಾನೂ ನಕ್ಕೆ. ಗಾರ್ಡ್ ನಮ್ಮನ್ನೆಲ್ಲ ಬೆರಳಲ್ಲಿ ಎಣಿಸಿದ, ಮತ್ತೆ ಎಣಿಸಿದ. ಟವೆಲ್ ಕೆಳಗೆಳೆದ.

"ನಿಮ್ಮ ಯಜಮಾನ್ರು ಎಲ್ಲೆದಾರ್ರಿ?"

ಈಗ ತುಟಿ ಕಾಣುತ್ತಿತ್ತು, ಪ್ರತಿ ಅಕ್ಷರ ಸಿಕ್ಕಿತು. ನಾನು ಎಡಗಡೆಯ ಬಂಡೆ ತೋರಿಸಿದೆ. ಅವನ ಮುಖದ ಬಣ್ಣ ಹೋಯಿತು.

"ಅಲ್ಲೆ ಹೆಜ್ಜೇನ ಕುಂತೈತಿ, ಯಾರೂ ಹೋಗಬ್ಯಾಡ್ರಿ, ಹಿಂದಿನವರಿಗೂ ಹೇಳ್ರಿ ಅಂತ ನಿಮಗ ಹೇಳಿದ್ನೆಲ್ಲರಿ ಅಕ್ಕಾರ!"

ನಮ್ಮ ಬಂಡೆಗೂ ಆ ಬಂಡೆಗೂ ನಡುವೆ ಒಂದು ಹಳ್ಳ, ಅಷ್ಟೇ. ಎದುರು ಬಂಡೆಯ ನೆತ್ತಿ ಚಾಚಿಕೊಂಡ ಕಡೆ ಮೊರದಷ್ಟು ಅಗಲದ ಮೂರು ಕಪ್ಪು ಜೇನುಹುಟ್ಟುಗಳು ತೂಗಾಡುತ್ತಿದ್ದವು. ಅವುಗಳ ಕೆಳಗೆ, ನೆರಳಿನಲ್ಲಿ, ಒಂದು ಕಲ್ಲಿನ ಮೇಲೆ ನಮ್ಮವರು ಆರಾಮಾಗಿ ಕುಳಿತಿದ್ದರು. ಮುಖ ಬಂಡೆಯ ಗೋಡೆಗೆ, ನಮ್ಮ ಕಡೆ ಅರ್ಧ ಬೆನ್ನು. ಬಾಯಲ್ಲಿ ಬೀಡಿ ಇತ್ತು. ಒಳಜೇಬಿನಿಂದ ಕಡ್ಡಿಪೆಟ್ಟಿಗೆ ತೆಗೆಯುತ್ತಿದ್ದರು.

ನಾನು ಬಾಯಿ ತೆರೆದೆ. ಗಾರ್ಡ್ ನನ್ನ ಎದುರು ಬಂದು ಎರಡೂ ಕೈ ಅಡ್ಡ ಹಿಡಿದ.

"ಕೂಗಬ್ಯಾಡ್ರಿ. ಗಾಬ್ರಿಬಿದ್ದು ಎದ್ದು ಓಡ್ತಾರ, ಕೈ ಬೀಸ್ತಾರ, ಮುಗೀತು. ಹೊಗಿ ಒಂದ ಸಲ ಮ್ಯಾಲ ಹೋತಂದ್ರ ಅವು ಅವರನ್ನ ಬಿಡೂದಿಲ್ಲ. ಹೋದ ವರ್ಷ ಒಂದ ಎತ್ತಿನ ಜೀವ ತಗೊಂಡಾವ."

ಅವನು ಹಾದಿ ಸುತ್ತಿ ಹೋಗುವುದಕ್ಕೆ ಹತ್ತು ನಿಮಿಷವಾದರೂ ಬೇಕು. ಅಷ್ಟರಲ್ಲಿ ನಮ್ಮವರು ಕಡ್ಡಿ ಗೀರಿದರು. ಗಾಳಿಗೆ ಆರಿತು. ಅವರು ಕೈ ಗುಂಡಗೆ ಮಾಡಿ ಇನ್ನೊಂದು ಗೀರಿದರು. ಅದೂ ಆರಿತು. ಮೂವತ್ತು ವರ್ಷದ ಬೀಡಿಯ ಚಟ, ಮೂರನೆಯದಕ್ಕೆ ಹೇಗೆ ತಿರುಗಿ ಕೂರಬೇಕು ಎಂದು ಅವರಿಗೆ ಗೊತ್ತು. ಅವರನ್ನು ಅಲ್ಲಿಗೆ ಕಳಿಸಿದವಳು ನಾನು.

ವಡಿಯ ಡಬ್ಬಿ ಮಡಿಲಲ್ಲೇ ಇತ್ತು. ಮುಚ್ಚಳ ಕಿತ್ತು ಬಿಸಿಲಿಗೆ ಹಿಡಿದೆ. ಬೆಳಕಿನ ಬಿಲ್ಲೆ ಹಳ್ಳದಾಚೆ ಎಲ್ಲೋ ಬಿದ್ದು ಹಾರಾಡಿತು. ಅದು ಜಾಲಿಯ ಮೇಲೆ ಹೋಯಿತು, ಕಲ್ಲಿನ ಮೇಲೆ ಹೋಯಿತು, ಜೇನಿನ ಹತ್ತಿರ ಹೋದಾಗ ಗಾರ್ಡ್ ನನ್ನ ಮುಂಗೈ ಹಿಡಿದು ಕೆಳಗೆ ತಂದ. ನಮ್ಮವರು ಮೂರನೆಯ ಕಡ್ಡಿಯನ್ನು ಪೆಟ್ಟಿಗೆಗೆ ಒತ್ತಿದ್ದರು. ಬೆಳಕು ಅವರ ಮುಂದಿನ ಗೋಡೆಯ ಮೇಲೆ ಬಿತ್ತು, ಕುಣಿಯಿತು, ಅವರ ಕೈಮೇಲೆ ಇಳಿಯಿತು. ಯಾವನಲೇ ಅವ ಎನ್ನುವ ಸಿಟ್ಟಿನಲ್ಲಿ ಅವರು ತಿರುಗಿದರು.

ನಾನು ಮುಚ್ಚಳ ಬಿಟ್ಟು ಎದ್ದು ನಿಂತು ಎರಡೂ ಅಂಗೈ ಕೆಳಗೊತ್ತಿದೆ. ಮಗ್ಗ ನಿಲ್ಲಿಸು.

ಅವರ ಕೈ ನಿಂತಿತು. ಯಾಕೆ, ಏನು ಎಂದು ಕೇಳುವ ಸನ್ನೆ ಅದಲ್ಲ. ಶೆಡ್ಡಿನಲ್ಲಿ ಅದನ್ನು ಕಂಡ ಕೂಡಲೇ ಕೈ ನಿಲ್ಲುತ್ತದೆ, ತಲೆ ಆಮೇಲೆ ಯೋಚಿಸುತ್ತದೆ. ಯಾರದೋ ಬೆರಳು ಮಗ್ಗದೊಳಗೆ ಇರಬಹುದು. ನಾನು ಬೆರಳು ಮೇಲೆ ತೋರಿಸಿದೆ. ಅವರು ಕತ್ತೆತ್ತಿ ನೋಡಿದರು. ಅಷ್ಟು ದೂರದಿಂದಲೂ ಅವರ ಹೆಗಲು ಕುಗ್ಗಿದ್ದು ನನಗೆ ಕಂಡಿತು. ಎರಡು ಮಗ್ಗಗಳ ಸಂದಿನಲ್ಲಿ ದಾಟುವಾಗ ನಾವು ಸೆರಗು, ಧೋತರ ಮೈಗೆ ಒತ್ತಿಕೊಂಡು ಒಂದೊಂದೇ ಹೆಜ್ಜೆ ಇಡುತ್ತೇವೆ. ನಾನು ನಿಂತಲ್ಲೇ ಹಾಗೆ ಸೆರಗು ಒತ್ತಿಕೊಂಡು ಎರಡು ಹೆಜ್ಜೆ ಇಟ್ಟು ತೋರಿಸಿದೆ. ಅವರು ಬೀಡಿಯನ್ನು ಬಾಯಿಂದ ತೆಗೆದು ಜೇಬಿಗೆ ಹಾಕಿಕೊಂಡು ಮೆಲ್ಲಗೆ ಎದ್ದರು.

ಹುಟ್ಟಿನ ಮೇಲೆ ಹುಳಗಳ ಒಂದು ಅಲೆ ಎದ್ದು ತುದಿಯವರೆಗೆ ಹೋಯಿತು. ನಮ್ಮವರು ನಿಂತರು. ಇನ್ನೊಂದು ಅಲೆ. ಕಾಕಾ ನನ್ನ ಪಕ್ಕಕ್ಕೆ ಬಂದು, ತಡಿ ಎಂದು ಅಂಗೈ ಎತ್ತಿ ತೋರಿಸಿದ. ಅಲೆ ನಿಂತ ಮೇಲೆ ಅಂಗೈ ಇಳಿಸಿದ. ನಮ್ಮವರು ನಾಲ್ಕು ಹೆಜ್ಜೆ ನಡೆದರು, ಮತ್ತೆ ನಿಂತರು. ಹೀಗೇ ಹಳ್ಳದವರೆಗೆ. ಎಷ್ಟು ಹೊತ್ತಾಯಿತೋ ತಿಳಿಯದು.

ಅವರು ಬಂದಾಗ ಕುತ್ತಿಗೆಯಲ್ಲಿ ಒಂದು, ಕೈಮೇಲೆ ಒಂದು ಕಡಿತ ಇತ್ತು. ಗಾರ್ಡ್ ಉಗುರಿನಿಂದ ಮುಳ್ಳು ಕೆರೆದು ತೆಗೆದ. ಆಮೇಲೆ ಅವನ ಸಿಟ್ಟು ನನ್ನ ಕಡೆ ತಿರುಗಿತು.

"ಅಕ್ಕಾರ, ನಿಮಗ ಹೇಳಿದ್ದೆ. ನೀವು ಹೂಂ ಅಂದ್ರಿ. ಇವರಿಗೆ ಹೇಳಿದ್ರಿಲ್ಲೋ?"

ಎಲ್ಲರೂ ನನ್ನ ಮುಖ ನೋಡಿದರು. ನಾನು ಏನೆಂದು ಹೇಳಿ ಕಳಿಸಿದ್ದೆ ಎಂದು ಗೊತ್ತಿದ್ದವರು ಒಬ್ಬರೇ. ಅವರು ಊದಿಕೊಳ್ಳುತ್ತಿದ್ದ ಕುತ್ತಿಗೆ ಹಿಡಿದುಕೊಂಡು ನನ್ನನ್ನು ನೋಡಿದರು. ಆ ನೋಟದಲ್ಲಿ ಬೈಗುಳ ಇದ್ದಿದ್ದರೆ ನಾನು ತಿರುಗಿ ಬೈದು, ಬೀಡಿಯ ಮೇಲೆ ಹಾಕಿ ಪಾರಾಗುತ್ತಿದ್ದೆ.

"ಹೇಳಿದ್ಲರೀ" ಎಂದರು ಅವರು. "ಬ್ಯಾಡ ಅಂತ ಹೇಳಿದ್ಲು. ಬೀಡಿ ಸಲುವಾಗಿ ನಾನ ಹಟಾ ಮಾಡಿ ಹೋದೆ. ಆಕೀದೇನ ತಪ್ಪಿಲ್ಲ."

ಗಾರ್ಡ್ ಅವರನ್ನು ಬೈಯಲು ಶುರು ಮಾಡಿದ. ಬುದ್ಧಿ ಇದೆಯೋ ಇಲ್ಲವೋ, ವಯಸ್ಸಾಗಿದೆ, ಹೆಂಡತಿ ಮಾತು ಕೇಳಬಾರದೇ ಎಂದೆಲ್ಲ. ಅವರು ತಲೆ ತಗ್ಗಿಸಿ ಬೈಸಿಕೊಳ್ಳುತ್ತಿದ್ದರು. ನನಗೆ ಅದನ್ನು ನೋಡಲಿಕ್ಕಾಗಲಿಲ್ಲ.

"ಅವ್ರನ್ನ ಬೈಬ್ಯಾಡ್ರಿ" ಎಂದೆ. ನನ್ನ ದನಿ ಎಷ್ಟು ಜೋರಿತ್ತೋ, ಗಾರ್ಡ್ ಬೆಚ್ಚಿದ. "ನಾನ ಕಳಿಸೀನಿ. ನೀವು ಏನ ಹೇಳಿದ್ರಿ ನನಗ ಒಂದ ಅಕ್ಷರ ಗೊತ್ತಾಗಿಲ್ಲ. ನನಗ ಕಿವಿ ಕೇಳೂದಿಲ್ಲ. ಐದ ವರ್ಷಾತು."

ಹೇಳಿದ ಮೇಲೆ ನೆಲ ನೋಡಿದೆ. ಇನ್ನು ಮೇಲೆ ನಾನೂ ಕಿವುಡಿ ಎಂದುಕೊಂಡೆ.

ಕಾಕಾ ಟೊಪ್ಪಿಗೆ ತೆಗೆದು ತಲೆ ಕೆರೆದುಕೊಂಡ. ಗೇಟಿನಲ್ಲಿ ಗಾರ್ಡ್ ಹೇಳಿದ್ದು ತನಗೂ ಕೇಳಿಸಲಿಲ್ಲ, ಬೋರ್ಡು ಓದಿಕೊಂಡೆ ಎಂದ. ಪಕ್ಕದ ಮಗ್ಗದ ಅಕ್ಕ, "ನನಗೂ ಸಣ್ಣ ಮಾತ ಕೇಳಂಗಿಲ್ಲವಾ. ಟಿವಿ ಮುಂದ ಸುಮ್ನ ಕುಂದರ್ತೀನಿ" ಎಂದಳು. ಹಿಂದಿದ್ದ ಇನ್ನಿಬ್ಬರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಕೈ ಎತ್ತಿದರು, ಶಾಲೆಯ ಮಕ್ಕಳ ಹಾಗೆ. ವರ್ಷಗಟ್ಟಲೆ ಒಂದೇ ಸೂರಿನ ಕೆಳಗೆ ಒಬ್ಬರಿಗೊಬ್ಬರು ತಲೆಯಾಡಿಸಿಕೊಂಡು ಬಂದಿದ್ದೆವು.

ಗಾರ್ಡ್ ನಮ್ಮನ್ನೆಲ್ಲ ಒಂದು ಸುತ್ತು ನೋಡಿದ. ಟವೆಲನ್ನು ಪೂರ್ತಿ ಬಿಚ್ಚಿ ಹೆಗಲಿಗೆ ಹಾಕಿಕೊಂಡ. ಇಳಿಯುವಾಗ ಪ್ರತಿ ತಿರುವಿನಲ್ಲೂ ನಿಂತು, ನಮ್ಮ ಕಡೆ ಮುಖ ಮಾಡಿ, ಕೈ ಮಾಡಿ ತೋರಿಸಿದ.

ಜೀಪು ಹತ್ತಿದಾಗ ನಮ್ಮವರು ಯಾವಾಗಿನಂತೆ ನನ್ನ ಎಡಕ್ಕೆ ಬಂದು ಕುಳಿತರು. ಮದುವೆಯಾದಾಗಿನಿಂದ ಅದೇ ಅವರ ಜಾಗ, ಬಸ್ಸಿನಲ್ಲಾಗಲಿ, ಮನೆಯ ಕಟ್ಟೆಯ ಮೇಲಾಗಲಿ. ಮುಧೋಳದ ಹತ್ತಿರ ಅವರು ನನ್ನ ಮೊಣಕಾಲು ತಟ್ಟಿ, ನಾನು ತಿರುಗುವವರೆಗೆ ಕಾದು, ಕೇಳಿದರು.

"ಯಾವ ಕಡೀದು ಕೇಳಸ್ತೈತಿ?"

ನಾನು ಬಲಗಿವಿ ಮುಟ್ಟಿ ತೋರಿಸಿದೆ. ಅವರು ಎದ್ದು, ಓಡುವ ಜೀಪಿನಲ್ಲಿ ಎಲ್ಲರ ಕಾಲು ತುಳಿದು ಬೈಸಿಕೊಂಡು, ನನ್ನ ಬಲಕ್ಕೆ ಬಂದು ಕುಳಿತರು.